ತ್ರಿಕೋನಮಿತೀಯ ಫಲನಗಳ ನಿರ್ಣಾಯಕ ಬಿಂದುಗಳು

ಒಂದು ಫಲನದ ಬೆಲೆ ಎಲ್ಲಿ ಗರಿಷ್ಠ, ಎಲ್ಲಿ ಕನಿಷ್ಠ ಎಂದು ಕಲನಶಾಸ್ತ್ರದ ನೆರವಿನಿಂದ ಹುಡುಕುವಾಗ ಮೊದಲು ಗುರುತಿಸಬೇಕಾದ ತಾಣಗಳೇ ನಿರ್ಣಾಯಕ ಬಿಂದುಗಳು. ಫಲನದ ಕ್ಷೇತ್ರದೊಳಗಿನ ಯಾವ ಬಿಂದುವಿನಲ್ಲಿ ನಿಷ್ಪನ್ನ ಸೊನ್ನೆಯಾಗುತ್ತದೆಯೋ ಅಥವಾ ನಿಷ್ಪನ್ನವೇ ಇರುವುದಿಲ್ಲವೋ ಆ ಬಿಂದುವಿಗೆ ಈ ಹೆಸರು. ನಿಷ್ಪನ್ನವೆಂದರೆ ಬದಲಾವಣೆಯ ದರ, ಕಾಲೇಜಿನಲ್ಲಿ ಡೆರಿವೇಟಿವ್ ಎಂದು ರೂಢಿಯಲ್ಲಿರುವುದು; ನಕ್ಷೆಯ ಮೇಲೆ ಅದು ಸ್ಪರ್ಶರೇಖೆಯ ಇಳಿಜಾರು. ಸ್ಪರ್ಶರೇಖೆ ಅಡ್ಡಲಾಗಿ ಮಲಗಿರುವ ಕಡೆಯೂ ನಕ್ಷೆ ಚೂಪಾಗಿ ಮುರಿದಿರುವ ಕಡೆಯೂ ನಿರ್ಣಾಯಕ ಬಿಂದುಗಳಿರುತ್ತವೆ. ಅಂತರದ ಒಳಗೆ ಫಲನ ಗರಿಷ್ಠಕ್ಕೋ ಕನಿಷ್ಠಕ್ಕೋ ತಲುಪಿದರೆ ಅದು ಇಂಥ ಬಿಂದುವಿನಲ್ಲೇ ಆಗಬೇಕು. ಆದರೆ ಇಂಥ ಬಿಂದು ಸಿಕ್ಕ ಮಾತ್ರಕ್ಕೆ ಅಲ್ಲಿ ಗರಿಷ್ಠವೋ ಕನಿಷ್ಠವೋ ಇದ್ದೇ ಇದೆ ಎನ್ನುವಂತಿಲ್ಲ. ಈ ಎರಡು ಮಾತುಗಳ ನಡುವಿನ ಅಂತರವನ್ನು ಮನಸ್ಸಿನಲ್ಲಿಟ್ಟುಕೊಂಡರೆ ಈ ವಿಷಯದ ಬಹುಪಾಲು ಗೊಂದಲ ಹುಟ್ಟುವುದೇ ಇಲ್ಲ.

ಬಹುಪದೋಕ್ತಿಗಳಿಗೂ ಇದೇ ವ್ಯಾಖ್ಯೆ. ಆದರೂ ತ್ರಿಕೋನಮಿತೀಯ ಫಲನಗಳನ್ನು ಬೇರೆಯಾಗಿ ನೋಡುವುದಕ್ಕೆ ಕಾರಣವಿದೆ. ಇವು ಆವರ್ತಕ ಫಲನಗಳು. ಒಂದು ನಿರ್ಣಾಯಕ ಬಿಂದು ಸಿಕ್ಕಿತೆಂದರೆ ಪ್ರತಿ ಆವರ್ತದಲ್ಲೂ ಅದರ ಜೊತೆಗಾರ ಬಿಂದು ಇರುತ್ತದೆ, ಕೊನೆಯೇ ಇಲ್ಲ. ಸೈನ್ ಮತ್ತು ಕೊಸೈನ್‌ಗಳಿಂದ ಕಟ್ಟಿದ ಫಲನವನ್ನು ಅವಕಲಿಸಿದರೆ, ಅಂದರೆ ಅದರ ನಿಷ್ಪನ್ನ ತೆಗೆದರೆ, ಮತ್ತೆ ಸೈನ್, ಕೊಸೈನ್‌ಗಳೇ ಬರುತ್ತವೆ. ಅವಕಲನ ಒಂದೆರಡು ಸಾಲಿನಲ್ಲಿ ಮುಗಿದು, ನಿಜವಾದ ಶ್ರಮವೆಲ್ಲ ಆಮೇಲೆ ಎದುರಾಗುವ ತ್ರಿಕೋನಮಿತೀಯ ಸಮೀಕರಣವನ್ನು ಬಿಡಿಸುವುದಕ್ಕೆ ಬೀಳುತ್ತದೆ. ದ್ವಿತೀಯ ಪಿಯುಸಿಯ ವಿದ್ಯಾರ್ಥಿಗಳು ಎಡವುವುದು ಹೆಚ್ಚಾಗಿ ಕಲನದಲ್ಲಲ್ಲ, ಹಿಂದಿನ ವರ್ಷ ಕಲಿತ ತ್ರಿಕೋನಮಿತಿಯಲ್ಲಿ.

ಈ ಲೇಖನದಲ್ಲಿ ಕ್ಷ ಎಂಬುದು ಚರಾಕ್ಷರ. ಬೇರೆ ಹೇಳದಿದ್ದರೆ ಕೋನಗಳು ರೇಡಿಯನ್‌ನಲ್ಲಿವೆ. ಪೈ ರೇಡಿಯನ್ ಎಂದರೆ 180 ಡಿಗ್ರಿ.

ಮೂಲ ಫಲನಗಳು

ಸೈನ್ ಕ್ಷ ಎಂಬುದರ ನಿಷ್ಪನ್ನ ಕಾಸ್ ಕ್ಷ. ಇದು ಸೊನ್ನೆಯಾಗುವುದು ಪೈ/2, 3ಪೈ/2, 5ಪೈ/2 ಹೀಗೆ ಪೈ/2ರ ಬೆಸ ಗುಣಕಗಳಲ್ಲಿ, ಋಣ ದಿಕ್ಕಿನಲ್ಲೂ ಹಾಗೆಯೇ. ಅಲ್ಲಿ ಸೈನ್‌ನ ಬೆಲೆ ಒಮ್ಮೆ 1, ಮುಂದಿನ ಸಲ −1. ಕಾಸ್ ಕ್ಷ ಎಂಬುದರ ನಿಷ್ಪನ್ನ −ಸೈನ್ ಕ್ಷ; ಹಾಗಾಗಿ ಅದರ ನಿರ್ಣಾಯಕ ಬಿಂದುಗಳು 0, ಪೈ, 2ಪೈ ಮುಂತಾದ ಪೂರ್ಣ ಗುಣಕಗಳು. ಒಂದರ ನಿರ್ಣಾಯಕ ಬಿಂದುಗಳೇ ಇನ್ನೊಂದರ ಸೊನ್ನೆಗಳು. ಸೈನ್ ಅಲೆಯನ್ನು ಕಾಲು ಆವರ್ತ ಎಡಕ್ಕೆ ಸರಿಸಿದರೆ ಅದರ ನಿಷ್ಪನ್ನವೇ ಸಿಗುತ್ತದೆ ಎಂಬ ಒಂದು ಸಂಗತಿಯ ಮೇಲೆ ಇಡೀ ವಿಷಯ ನಿಂತಿದೆ.

ಎರಡು ಸಲ ಅವಕಲಿಸಿದರೆ ಅಲೆ ಅರ್ಧ ಆವರ್ತ ಸರಿದು ತಲೆಕೆಳಗಾಗುತ್ತದೆ, ಅಂದರೆ ಸೈನ್‌ನ ದ್ವಿತೀಯ ನಿಷ್ಪನ್ನ −ಸೈನ್. ಇದರಿಂದ ಒಂದು ಅನುಕೂಲವುಂಟು. ನಿರ್ಣಾಯಕ ಬಿಂದುವಿನಲ್ಲಿ ದ್ವಿತೀಯ ನಿಷ್ಪನ್ನ ಋಣವಾದರೆ ಸ್ಥಾನೀಯ ಗರಿಷ್ಠ, ಧನವಾದರೆ ಸ್ಥಾನೀಯ ಕನಿಷ್ಠ ಎಂಬುದು ಸಾಮಾನ್ಯ ಪರೀಕ್ಷೆ. 3 ಕಾಸ್ ಕ್ಷ + 4 ಸೈನ್ ಕ್ಷ ಎಂಬಂಥ, ಒಂದೇ ಆವರ್ತದ ಸೈನ್–ಕೊಸೈನ್ ಮೊತ್ತಗಳಲ್ಲಿ ಆ ಲೆಕ್ಕವೇ ಬೇಡ: ಬೆಲೆ ಧನವಾಗಿದ್ದರೆ ಅದು ಗರಿಷ್ಠ, ಋಣವಾಗಿದ್ದರೆ ಕನಿಷ್ಠ. ಈ ಉದಾಹರಣೆಯಲ್ಲಿ ನಿಷ್ಪನ್ನವನ್ನು ಸೊನ್ನೆಗೆ ಸಮವೆಂದಿಟ್ಟರೆ ಟ್ಯಾನ್ ಕ್ಷ = 4/3, ಸುಮಾರು 53.13 ಡಿಗ್ರಿ, ಅಲ್ಲಿ ಬೆಲೆ 5. ಅದಕ್ಕೆ 180 ಡಿಗ್ರಿ ಕೂಡಿಸಿದ ಕಡೆ −5.

ಟ್ಯಾನ್ ಕ್ಷ ಎಂಬುದಕ್ಕೆ ನಿರ್ಣಾಯಕ ಬಿಂದುಗಳೇ ಇಲ್ಲ. ಅದರ ನಿಷ್ಪನ್ನ ಸೆಕ್² ಕ್ಷ, ಎಂದೂ 1ಕ್ಕಿಂತ ಕೆಳಗಿಳಿಯದು. ಪೈ/2ರಲ್ಲಿ ನಿಷ್ಪನ್ನ ಇಲ್ಲವಲ್ಲ, ಆದ್ದರಿಂದ ಅದು ನಿರ್ಣಾಯಕ ಬಿಂದುವಲ್ಲವೇ ಎಂಬ ಪ್ರಶ್ನೆ ತರಗತಿಯಲ್ಲಿ ಏಳುವುದು ಸಹಜ. ಪೈ/2ರಲ್ಲಿ ಟ್ಯಾನ್‌ಗೆ ಬೆಲೆಯೇ ಇಲ್ಲ. ಕ್ಷೇತ್ರದ ಹೊರಗಿರುವ ಬಿಂದುವಿಗೆ ಈ ವ್ಯಾಖ್ಯೆ ಅನ್ವಯಿಸುವುದಿಲ್ಲ. ಕಾಟ್ ಕ್ಷ ಕಥೆಯೂ ಇಷ್ಟೇ. ಸೆಕ್ ಕ್ಷ ಮಾತ್ರ ಸ್ವಾರಸ್ಯಕರ. ಅದಕ್ಕೆ 0ಯಲ್ಲಿ ಸ್ಥಾನೀಯ ಕನಿಷ್ಠ, ಬೆಲೆ 1. ಪೈನಲ್ಲಿ ಸ್ಥಾನೀಯ ಗರಿಷ್ಠ, ಬೆಲೆ −1. ಗರಿಷ್ಠವೆನಿಸಿಕೊಂಡದ್ದು ಕನಿಷ್ಠಕ್ಕಿಂತ ಕೆಳಗಿದೆ! ನಕ್ಷೆ ನಡುವೆ ಹರಿದು ಬೇರೆ ಬೇರೆ ಶಾಖೆಗಳಾಗಿರುವುದರಿಂದ ಇದು ಸಾಧ್ಯ. ಸ್ಥಾನೀಯ ಎಂಬ ವಿಶೇಷಣವನ್ನು ಏಕೆ ಕೈಬಿಡಬಾರದು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಸಿಗುವುದು ಕಷ್ಟ. ಕೊಸೆಕ್ ಕ್ಷ ಇದೇ ನಕ್ಷೆಯ ಸರಿದ ರೂಪ.

ನಿಷ್ಪನ್ನವಿಲ್ಲದ ನಿರ್ಣಾಯಕ ಬಿಂದುಗಳಿಗೆ ಸೈನ್ ಕ್ಷ ಎಂಬುದರ ನಿರಪೇಕ್ಷ ಬೆಲೆಯನ್ನು ನೋಡಬೇಕು. ಅಲೆಯ ಕೆಳಗಿನ ಅರ್ಧ ಮಡಚಿಕೊಂಡು ಮೇಲಕ್ಕೆ ಬರುತ್ತದೆ. ಪೈನ ಪ್ರತಿ ಪೂರ್ಣ ಗುಣಕದಲ್ಲೂ ನಕ್ಷೆ ಚೂಪಾಗಿ ನೆಲಮುಟ್ಟಿ ಏಳುತ್ತದೆ. ಎಡಗಡೆಯ ಇಳಿಜಾರು −1, ಬಲಗಡೆಯದು 1. ಇವೆಲ್ಲ ಕನಿಷ್ಠಗಳು, ಆದರೆ ನಿಷ್ಪನ್ನವನ್ನು ಸೊನ್ನೆಗೆ ಸಮೀಕರಿಸುವವನಿಗೆ ಇವುಗಳಲ್ಲಿ ಒಂದೂ ಸಿಗುವುದಿಲ್ಲ.

ಸಮೀಕರಣ ಬಿಡಿಸುವಲ್ಲಿ

ಸೈನ್² ಕ್ಷ + ಕಾಸ್ ಕ್ಷ ಎಂಬ ಫಲನವನ್ನು 0ಯಿಂದ 2ಪೈ ವರೆಗಿನ ಅಂತರದಲ್ಲಿ ನೋಡೋಣ. ನಿಷ್ಪನ್ನ 2 ಸೈನ್ ಕ್ಷ ಕಾಸ್ ಕ್ಷ − ಸೈನ್ ಕ್ಷ. ಇದನ್ನು ಸೊನ್ನೆಗೆ ಸಮವೆಂದು ಬರೆದು ಎರಡೂ ಕಡೆ ಸೈನ್ ಕ್ಷ ಇಂದ ಭಾಗಿಸಿಬಿಡುವುದು ಬಹಳ ಸಾಮಾನ್ಯ. ಆಗ ಕಾಸ್ ಕ್ಷ = 1/2 ಮಾತ್ರ ಉಳಿಯುತ್ತದೆ; ಪೈ/3 ಮತ್ತು 5ಪೈ/3 ಸಿಗುತ್ತವೆ, ಎರಡೂ ಕಡೆ ಬೆಲೆ 5/4. ಭಾಗಿಸುವ ಬದಲು ಸೈನ್ ಕ್ಷ × (2 ಕಾಸ್ ಕ್ಷ − 1) ಎಂದು ಅಪವರ್ತಿಸಿದರೆ ಸೈನ್ ಕ್ಷ = 0 ಎಂಬ ಇನ್ನೊಂದು ಕುಟುಂಬವೂ ಕಾಣುತ್ತದೆ. ಅದರಲ್ಲಿ ಪೈ ಇದೆ, ಪೈನಲ್ಲಿ ಫಲನದ ಬೆಲೆ −1. ಇಡೀ ಅಂತರದ ಕನಿಷ್ಠ ಇರುವುದೇ ಅಲ್ಲಿ. ಭಾಗಿಸಿದವರ ಉತ್ತರ ಸ್ವಲ್ಪ ತಪ್ಪಾಗಿರುವುದಿಲ್ಲ, ಕನಿಷ್ಠವೇ ಕಾಣೆಯಾಗಿರುತ್ತದೆ.

ಗುಣಕ ಕೋನಗಳಲ್ಲಿ ಇನ್ನೊಂದು ರೀತಿಯ ನಷ್ಟ. ಸೈನ್ 3ಕ್ಷ ಎಂಬುದರ ನಿರ್ಣಾಯಕ ಬಿಂದುಗಳಿಗೆ ಕಾಸ್ 3ಕ್ಷ = 0 ಬಿಡಿಸಬೇಕು. ಕ್ಷ 2ಪೈ ವರೆಗೆ ಹೋದರೆ 3ಕ್ಷ 6ಪೈ ವರೆಗೆ ಹೋಗುತ್ತದೆ, ಹಾಗಾಗಿ ಬಿಂದುಗಳು ಆರು. ಎರಡಕ್ಕೆ ನಿಲ್ಲಿಸಿದರೆ ನಾಲ್ಕು ಕೈಬಿಟ್ಟುಹೋಗುತ್ತವೆ. ಮುಚ್ಚಿದ ಅಂತರದಲ್ಲಿ ನಿರಪೇಕ್ಷ ಗರಿಷ್ಠ–ಕನಿಷ್ಠಗಳನ್ನು ಕೇಳಿದಾಗ ಅಂತ್ಯಬಿಂದುಗಳ ಬೆಲೆಯನ್ನೂ ಹೋಲಿಸಬೇಕು ಎಂಬುದನ್ನು ಹೇಳಿ ಮುಂದೆ ಹೋಗಬಹುದು.

ಡಿಗ್ರಿಯೋ ರೇಡಿಯನ್ನೋ ಎಂಬುದು ಮುಖ್ಯವಾಗುವ ಒಂದು ಸಂದರ್ಭವುಂಟು. ಸೈನ್ ಮಾತ್ರ ಇರುವ ಫಲನದಲ್ಲಿ ಯಾವ ಮಾನವಾದರೂ ನಿರ್ಣಾಯಕ ಬಿಂದುಗಳ ಜಾಗ ಬದಲಾಗದು, 90 ಡಿಗ್ರಿ ಎಂದರೂ ಪೈ/2 ಎಂದರೂ ಒಂದೇ. ಕ್ಷ + 2 ಸೈನ್ ಕ್ಷ ಎಂಬಲ್ಲಿ ಹಾಗಲ್ಲ. ರೇಡಿಯನ್‌ನಲ್ಲಿ ನಿಷ್ಪನ್ನ 1 + 2 ಕಾಸ್ ಕ್ಷ; ಕಾಸ್ ಕ್ಷ = −1/2 ಆದಾಗ, ಅಂದರೆ 2ಪೈ/3ರಲ್ಲಿ ಗರಿಷ್ಠ, 4ಪೈ/3ರಲ್ಲಿ ಕನಿಷ್ಠ. ಕ್ಷ ಡಿಗ್ರಿಗಳ ಸಂಖ್ಯೆಯೆಂದು ಹಿಡಿದರೆ ಅವಕಲಿಸುವಾಗ ಪೈ/180 ಎಂಬ ಗುಣಕ ನುಗ್ಗಿ ನಿಷ್ಪನ್ನ 1 + 0.0349 ಕಾಸ್ ಕ್ಷ ಆಗುತ್ತದೆ. ಇದು ಎಂದೂ ಸೊನ್ನೆಯಾಗದು. ನಿರ್ಣಾಯಕ ಬಿಂದುಗಳು ಒಂದೂ ಉಳಿಯುವುದಿಲ್ಲ. ಕಲನಶಾಸ್ತ್ರ ರೇಡಿಯನ್ನನ್ನೇ ಹಿಡಿದುಕೊಂಡಿರುವುದು ಬರಿಯ ಸಂಪ್ರದಾಯವಲ್ಲ.

2ರ ಬದಲು 1 ಇಟ್ಟು ಕ್ಷ + ಸೈನ್ ಕ್ಷ ಎಂದು ಬರೆದರೆ ನಿಷ್ಪನ್ನ 1 + ಕಾಸ್ ಕ್ಷ. ಪೈ, 3ಪೈ, 5ಪೈಗಳಲ್ಲಿ ಅದು ಸೊನ್ನೆ, ಉಳಿದೆಡೆ ಧನ. ನಕ್ಷೆ ಏರುತ್ತ ಹೋಗಿ ಆ ಬಿಂದುಗಳಲ್ಲಿ ಸಮತಟ್ಟಾಗಿ ನಿಂತು ಮತ್ತೆ ಏರುತ್ತದೆ. ಎಣಿಕೆಗೆ ಸಿಗದಷ್ಟು ನಿರ್ಣಾಯಕ ಬಿಂದುಗಳಿದ್ದೂ ಒಂದಾದರೂ ಗರಿಷ್ಠವಿಲ್ಲ, ಕನಿಷ್ಠವಿಲ್ಲ. ಎಲ್ಲವೂ ಬಾಗು ಬದಲಾಗುವ ಬಿಂದುಗಳು.

ತಗಡಿನ ದೋಣಿ

ಸೂರಿನ ನೀರು ಹಿಡಿಯಲು 30 ಸೆಂಟಿಮೀಟರ್ ಅಗಲದ ತಗಡನ್ನು ಉದ್ದಕ್ಕೆ ಮೂರು ಸಮಭಾಗ ಮಾಡಿ, ನಡುವಿನದನ್ನು ತಳವಾಗಿ ಬಿಟ್ಟು, ಎರಡು ಅಂಚುಗಳನ್ನು ಮೇಲಕ್ಕೆ ಬಗ್ಗಿಸುತ್ತಾರೆ ಎನ್ನಿ. ಎಷ್ಟು ಬಗ್ಗಿಸಿದರೆ ದೋಣಿಯಲ್ಲಿ ಹೆಚ್ಚು ನೀರು ಹಿಡಿದೀತು? ಮಟ್ಟದಿಂದ ಅಂಚು ಎದ್ದ ಕೋನ ಕ್ಷ ಆದರೆ ದೋಣಿಯ ಆಳ 10 ಸೈನ್ ಕ್ಷ, ಬಾಯಿಯ ಅಗಲ 10 + 20 ಕಾಸ್ ಕ್ಷ. ಅಡ್ಡಸೀಳಿಕೆ ತ್ರಾಪಿಜ್ಯ, ಅದರ ವಿಸ್ತೀರ್ಣ 100 ಸೈನ್ ಕ್ಷ × (1 + ಕಾಸ್ ಕ್ಷ) ಚದರ ಸೆಂಟಿಮೀಟರ್.

ಇದನ್ನು ಅವಕಲಿಸಿ 100 ಇಂದ ಭಾಗಿಸಿದರೆ ಕಾಸ್ ಕ್ಷ + ಕಾಸ್ 2ಕ್ಷ. ಕಾಸ್ 2ಕ್ಷ ಜಾಗದಲ್ಲಿ 2 ಕಾಸ್² ಕ್ಷ − 1 ಎಂದು ಬರೆದ ತಕ್ಷಣ ತ್ರಿಕೋನಮಿತೀಯ ಸಮೀಕರಣ ಹೋಗಿ ವರ್ಗ ಸಮೀಕರಣ ಬರುತ್ತದೆ: 2 ಕಾಸ್² ಕ್ಷ + ಕಾಸ್ ಕ್ಷ − 1 = 0. ಅಪವರ್ತನಗಳು (2 ಕಾಸ್ ಕ್ಷ − 1) ಮತ್ತು (ಕಾಸ್ ಕ್ಷ + 1). ಕಾಸ್ ಕ್ಷ 1/2 ಆಗಬೇಕು ಇಲ್ಲವೇ −1 ಆಗಬೇಕು. 0ಯಿಂದ ಪೈ ವರೆಗೆ ನೋಡಿದರೆ ಪೈ/3 ಮತ್ತು ಪೈ.

ಎರಡರ ಸ್ವಭಾವವೂ ಬೇರೆ. ಪೈ/3ರಲ್ಲಿ, ಅಂದರೆ 60 ಡಿಗ್ರಿಯಲ್ಲಿ, ದ್ವಿತೀಯ ನಿಷ್ಪನ್ನ ಋಣ. ವಿಸ್ತೀರ್ಣ ಸುಮಾರು 129.9 ಚದರ ಸೆಂಟಿಮೀಟರ್. ಅಂಚುಗಳನ್ನು ನೆಟ್ಟಗೆ ನಿಲ್ಲಿಸಿ ಪೆಟ್ಟಿಗೆಯಂತೆ ಮಾಡಿದ್ದರೆ ಬರೀ 100. ಒಂದೇ ತಗಡು, ಹೆಚ್ಚುಕಡಿಮೆ ಮೂರನೇ ಒಂದು ಪಾಲು ಹೆಚ್ಚು ಜಾಗ. ಇನ್ನು ಪೈನಲ್ಲಿ ದ್ವಿತೀಯ ನಿಷ್ಪನ್ನವೂ ಸೊನ್ನೆ, ಆ ಪರೀಕ್ಷೆ ಅಲ್ಲಿ ಏನನ್ನೂ ಹೇಳದು. ತೃತೀಯ ನಿಷ್ಪನ್ನಕ್ಕೆ ಹೋದರೆ ಅದು ಸೊನ್ನೆಯಲ್ಲ. ಹಾಗಾಗಿ ಅಲ್ಲಿ ಗರಿಷ್ಠವೂ ಇಲ್ಲ ಕನಿಷ್ಠವೂ ಇಲ್ಲ. ತಗಡಿನ ಲೆಕ್ಕದಲ್ಲಂತೂ ಆ ಬಿಂದುವಿಗೆ ಅರ್ಥವೇ ಇಲ್ಲ, ಏಕೆಂದರೆ 120 ಡಿಗ್ರಿಗೆ ಬಗ್ಗಿಸುವಷ್ಟರಲ್ಲಿ ಎರಡೂ ಅಂಚುಗಳು ಮೇಲೆ ಕೂಡಿಕೊಂಡು ಬಾಯಿ ಮುಚ್ಚಿಹೋಗಿರುತ್ತದೆ. ಸಮೀಕರಣ ಕೊಟ್ಟ ಉತ್ತರಗಳಲ್ಲಿ ವಸ್ತುಸ್ಥಿತಿಗೆ ಹೊಂದುವುದು ಯಾವುದು ಎಂಬ ವಿವೇಚನೆ ಲೆಕ್ಕ ಮಾಡುವವರಿಗೇ ಬಿಟ್ಟದ್ದು.

ಇದೇ ಸೈನ್ ಕ್ಷ × (1 + ಕಾಸ್ ಕ್ಷ) ಒಂದು ಮಾನ ತ್ರಿಜ್ಯದ ವೃತ್ತದೊಳಗೆ ಬರೆದ ಸಮದ್ವಿಬಾಹು ತ್ರಿಭುಜದ ವಿಸ್ತೀರ್ಣವೂ ಹೌದು, ಕ್ಷ ಅದರ ಶೃಂಗಕೋನ. ವೃತ್ತದೊಳಗೆ ಹಿಡಿಸುವ ಅತಿ ದೊಡ್ಡ ತ್ರಿಭುಜ ಸಮಬಾಹು ತ್ರಿಭುಜವೆಂದು ಗೊತ್ತಿದ್ದವರಿಗೆ 60 ಡಿಗ್ರಿ ಎಂಬ ಉತ್ತರ ಆಶ್ಚರ್ಯ ತರುವುದಿಲ್ಲ.

ಹಿನ್ನೆಲೆ

ಗರಿಷ್ಠದ ಬಳಿ ಬದಲಾವಣೆ ಕುಗ್ಗುತ್ತದೆ ಎಂಬ ಅರಿವು ಕಲನಶಾಸ್ತ್ರಕ್ಕಿಂತ ಬಹಳ ಹಳೆಯದು. ಕ್ರಿ.ಶ. 499ರ ಆರ್ಯಭಟೀಯದಲ್ಲಿ 3438 ತ್ರಿಜ್ಯಕ್ಕೆ, 3 ಡಿಗ್ರಿ 45 ಕಲೆಗಳ (ಮಿನಿಟುಗಳ) ಹೆಜ್ಜೆಯಲ್ಲಿ, 24 ಜ್ಯಾಗಳ, ಅಂದರೆ ತ್ರಿಜ್ಯದಿಂದ ಗುಣಿಸಿದ ಸೈನ್‌ಗಳ, ಕೋಷ್ಟಕವಿದೆ. ಆರ್ಯಭಟ ಕೊಟ್ಟಿರುವುದು ಜ್ಯಾಗಳನ್ನಲ್ಲ, ಒಂದರಿಂದ ಮುಂದಿನದಕ್ಕೆ ಇರುವ ವ್ಯತ್ಯಾಸಗಳನ್ನು. ಅವು 225, 224, 222, 219 ಎಂದು ಶುರುವಾಗಿ ಮೆಲ್ಲಗೆ ಇಳಿಯುತ್ತವೆ. ಕೊನೆಗೆ 51, 37, 22, 7. ಆ 7ರೊಂದಿಗೆ ಕೋನ 90 ಡಿಗ್ರಿ ತಲುಪುತ್ತದೆ, ಮೊತ್ತ 3438 ಆಗುತ್ತದೆ. ಸೈನ್ ತನ್ನ ಗರಿಷ್ಠ ಮುಟ್ಟುವಾಗ ಏರಿಕೆ ಹೇಗೆ ಸೊನ್ನೆಯತ್ತ ಬತ್ತುತ್ತದೆ ಎಂಬುದನ್ನು ಆ ಕಡೆಯ ನಾಲ್ಕು ಸಂಖ್ಯೆಗಳಲ್ಲೇ ಓದಬಹುದು.

10ನೆಯ ಶತಮಾನದ ಮುಂಜಾಲ ಗ್ರಹದ ವೇಗದ ಲೆಕ್ಕದಲ್ಲಿ ಜ್ಯಾದ ಬದಲಾವಣೆಗೆ ಕೋಟಿಜ್ಯಾವನ್ನು ಬಳಸಿದ. ಇಂದಿನ ಮಾತಿನಲ್ಲಿ ಸೈನ್‌ನ ನಿಷ್ಪನ್ನ ಕೊಸೈನ್. 1150ರ ಸಿದ್ಧಾಂತ ಶಿರೋಮಣಿಯಲ್ಲಿ ಭಾಸ್ಕರಾಚಾರ್ಯ ಇನ್ನೂ ಮುಂದೆ ಹೋಗಿ ತಾತ್ಕಾಲಿಕ ಗತಿಯನ್ನು, ಅಂದರೆ ಆ ಕ್ಷಣದ ವೇಗವನ್ನು ವಿಚಾರಿಸಿದ. ಗ್ರಹದ ಮಧ್ಯಮ ಸ್ಥಾನಕ್ಕೆ ಮಾಡಬೇಕಾದ ತಿದ್ದುಪಡಿ ಗರಿಷ್ಠವಾಗಿರುವ ಕಡೆ ಗತಿಫಲ, ಅಂದರೆ ವೇಗಕ್ಕೆ ಮಾಡಬೇಕಾದ ತಿದ್ದುಪಡಿ, ಸೊನ್ನೆ ಎಂದು ಅವನು ಸ್ಪಷ್ಟವಾಗಿ ಹೇಳಿದ್ದಾನೆ. ಗರಿಷ್ಠದಲ್ಲಿ ಬದಲಾವಣೆಯ ದರ ಸೊನ್ನೆ ಎಂಬ ತತ್ತ್ವ ಒಂದು ತ್ರಿಕೋನಮಿತೀಯ ಫಲನಕ್ಕೆ ಸಂಬಂಧಿಸಿ ಇಷ್ಟು ನೇರವಾಗಿ ಬಂದಿರುವುದು ಗಮನಾರ್ಹ. ಅದು ಎಲ್ಲ ಫಲನಗಳಿಗೂ ಸಲ್ಲುವ ಸಾಮಾನ್ಯ ವಿಧಾನವಾಗಿರಲಿಲ್ಲ, ಗ್ರಹಗತಿಯ ಒಂದು ಸಂಗತಿಯಾಗಿತ್ತು; ಆದರೂ ಅದರ ಬೆಲೆ ಅದರಿಂದ ಕುಗ್ಗುವುದಿಲ್ಲ.

ಸಾಮಾನ್ಯ ವಿಧಾನ ರೂಪುಗೊಂಡದ್ದು 17ನೆಯ ಶತಮಾನದ ಯೂರೋಪಿನಲ್ಲಿ. ಫ್ರಾನ್ಸಿನ ಪಿಯರ್ ದ ಫರ್ಮಾ ಗರಿಷ್ಠ–ಕನಿಷ್ಠಗಳನ್ನು ಹುಡುಕುವ ಉಪಾಯವನ್ನು 1630ರ ದಶಕದಲ್ಲಿ ಪ್ರಚುರಪಡಿಸಿದ. ಒಳಬಿಂದುವಿನ ಗರಿಷ್ಠದಲ್ಲಿ ನಿಷ್ಪನ್ನವಿದ್ದರೆ ಅದು ಸೊನ್ನೆಯಾಗಲೇಬೇಕು ಎಂಬ ಪ್ರಮೇಯಕ್ಕೆ ಈಗ ಅವನ ಹೆಸರೇ ಇದೆ. 1684ರಲ್ಲಿ ಲೈಬ್ನಿಟ್ಸ್ ಅವಕಲನವನ್ನು ಮೊದಲಸಲ ಅಚ್ಚಿಗೆ ಕೊಟ್ಟ ಲೇಖನದ ಶೀರ್ಷಿಕೆಯಲ್ಲೇ ಗರಿಷ್ಠ–ಕನಿಷ್ಠಗಳ ಹೊಸ ವಿಧಾನ ಎಂದಿತ್ತು. ಸೈನ್ ಮತ್ತು ಕೊಸೈನ್‌ಗಳನ್ನು ವೃತ್ತದೊಳಗಿನ ಗೆರೆಗಳೆಂಬ ಭಾವನೆಯಿಂದ ಬಿಡಿಸಿ, ಸಂಖ್ಯೆಯಿಂದ ಸಂಖ್ಯೆಗೆ ಹೋಗುವ ಫಲನಗಳೆಂದು ನೆಲೆಗೊಳಿಸಿದ್ದು 1748ರಲ್ಲಿ ಆಯ್ಲರ್ ಬರೆದ ಗ್ರಂಥ. ನಾವು ಇಂದು ಮಾಡುವ ಲೆಕ್ಕಗಳ ಭಾಷೆ ಬಹುಮಟ್ಟಿಗೆ ಅವನದೇ.

ನೆರಳಿಲ್ಲದ ಮಧ್ಯಾಹ್ನ

ನಿರ್ಣಾಯಕ ಬಿಂದುಗಳ ಎರಡೂ ಬಗೆಗಳು ಒಟ್ಟಿಗೆ ಕಾಣಸಿಗುವ ಒಂದು ಫಲನ ಬೆಂಗಳೂರಿನ ನೆತ್ತಿಯ ಮೇಲೆಯೇ ಇದೆ: ವರ್ಷದ ಪ್ರತಿ ದಿನ ಮಧ್ಯಾಹ್ನ ಸೂರ್ಯನ ಎತ್ತರ.

ಸೂರ್ಯನ ಕ್ರಾಂತಿ, ಎಂದರೆ ಆಕಾಶದ ವಿಷುವದ್ವೃತ್ತದಿಂದ ಅದು ಉತ್ತರಕ್ಕೋ ದಕ್ಷಿಣಕ್ಕೋ ಸರಿದಿರುವ ಕೋನ, ವರ್ಷದಲ್ಲಿ 23.44 ಡಿಗ್ರಿ ಉತ್ತರದಿಂದ ಅಷ್ಟೇ ದಕ್ಷಿಣದವರೆಗೆ ತೂಗಾಡುತ್ತದೆ. ಕ್ರಾಂತಿಯ ಸೈನ್ = ಸೈನ್ 23.44 ಡಿಗ್ರಿ × ಸೂರ್ಯನ ರೇಖಾಂಶದ ಸೈನ್. ಇದರ ನಿರ್ಣಾಯಕ ಬಿಂದುಗಳು ರೇಖಾಂಶ 90 ಮತ್ತು 270 ಡಿಗ್ರಿ ಆದಾಗ, ಸುಮಾರು ಜೂನ್ 21 ಮತ್ತು ಡಿಸೆಂಬರ್ 21–22. ಆ ದಿನಗಳ ಆಸುಪಾಸಿನಲ್ಲಿ ಕ್ರಾಂತಿ ಬಹುಮಟ್ಟಿಗೆ ನಿಂತೇ ಇರುತ್ತದೆ. ಜೂನ್ 21ರಿಂದ ಐದು ದಿನ ಮುಂದೆ ಹೋದರೂ ಡಿಗ್ರಿಯ ಹತ್ತನೇ ಒಂದರಷ್ಟೂ ಕುಗ್ಗಿರುವುದಿಲ್ಲ. (ನಾವು ಉತ್ತರಾಯಣವೆಂದು ಆಚರಿಸುವ ಮಕರ ಸಂಕ್ರಾಂತಿ ಈಗ ಜನವರಿ 14–15ಕ್ಕೆ ಬರುವುದು ಅಯನಾಂಶದ (ವಿಷುವಬಿಂದುಗಳು ನಿಧಾನವಾಗಿ ಸರಿದಿರುವುದರ) ಕಾರಣದಿಂದ, ಸೂರ್ಯ ನಿಜವಾಗಿ ಉತ್ತರಕ್ಕೆ ಹೊರಳುವುದು ಡಿಸೆಂಬರ್‌ನ ಈ ನಿರ್ಣಾಯಕ ಬಿಂದುವಿನಲ್ಲಿ.)

ಮಧ್ಯಾಹ್ನದ ಎತ್ತರ ಎಂದರೆ 90 ಡಿಗ್ರಿಯಿಂದ ಊರಿನ ಅಕ್ಷಾಂಶಕ್ಕೂ ಕ್ರಾಂತಿಗೂ ಇರುವ ವ್ಯತ್ಯಾಸದ ನಿರಪೇಕ್ಷ ಬೆಲೆಯನ್ನು ಕಳೆದದ್ದು. ಬೆಂಗಳೂರಿನ ಅಕ್ಷಾಂಶ ಸುಮಾರು 12.97 ಡಿಗ್ರಿ. ಡಿಸೆಂಬರ್‌ನಲ್ಲಿ ಎತ್ತರ ಸುಮಾರು 53.6 ಡಿಗ್ರಿ, ಇದು ನುಣುಪಾದ ಕನಿಷ್ಠ. ಅಲ್ಲಿಂದ ಏರುತ್ತ ಬಂದು ಏಪ್ರಿಲ್ 24–25ರ ಹೊತ್ತಿಗೆ ಕ್ರಾಂತಿ ಅಕ್ಷಾಂಶಕ್ಕೆ ಸಮವಾಗುತ್ತದೆ, ಎತ್ತರ 90 ಡಿಗ್ರಿ. ನೆಟ್ಟಗೆ ನಿಲ್ಲಿಸಿದ ಕೋಲಿಗೆ ಆಗ ನೆರಳು ಬೀಳದು; ಶಾಲೆಗಳಲ್ಲಿ, ತಾರಾಲಯದಲ್ಲಿ ಶೂನ್ಯ ನೆರಳಿನ ದಿನವೆಂದು ಮಕ್ಕಳಿಗೆ ತೋರಿಸುವುದು ಇದನ್ನೇ. ಈ ಗರಿಷ್ಠದ ಬಳಿ ಎತ್ತರ ನಿಧಾನಿಸುವುದಿಲ್ಲ. ದಿನಕ್ಕೆ ಸುಮಾರು ಡಿಗ್ರಿಯ ಮೂರನೇ ಒಂದರಂತೆ ಏರುತ್ತಿದ್ದದ್ದು ಮರುದಿನದಿಂದ ಅದೇ ವೇಗದಲ್ಲಿ ಇಳಿಯತೊಡಗುತ್ತದೆ. ನಿರಪೇಕ್ಷ ಬೆಲೆ ಮಾಡಿದ ಮೂಲೆ ಇದು, ಇಲ್ಲಿ ನಿಷ್ಪನ್ನವಿಲ್ಲ. ಜೂನ್ 21ಕ್ಕೆ ಸೂರ್ಯ ನೆತ್ತಿಯನ್ನು ದಾಟಿ ಉತ್ತರಕ್ಕೆ ಹೋಗಿರುತ್ತಾನೆ, ಎತ್ತರ ಸುಮಾರು 79.5 ಡಿಗ್ರಿ, ಬಹಳ ಜನ ವರ್ಷದ ಶಿಖರವೆಂದುಕೊಳ್ಳುವ ಈ ದಿನ ಬೆಂಗಳೂರಿಗೆ ಸ್ಥಾನೀಯ ಕನಿಷ್ಠ. ಆಗಸ್ಟ್ 18ರ ಸುಮಾರಿಗೆ ಮತ್ತೊಂದು ಮೂಲೆ, ಮತ್ತೆ 90.

ವರ್ಷಕ್ಕೆ ನಾಲ್ಕು ನಿರ್ಣಾಯಕ ಬಿಂದುಗಳು: ಎರಡು ಚೂಪು ಗರಿಷ್ಠ, ಎರಡು ನುಣುಪು ಕನಿಷ್ಠ. ಕರ್ನಾಟಕವೆಲ್ಲ ಕರ್ಕಾಟಕ ಸಂಕ್ರಾಂತಿ ವೃತ್ತದ ದಕ್ಷಿಣಕ್ಕಿರುವುದರಿಂದ ರಾಜ್ಯದ ಯಾವ ಊರಿನಲ್ಲಾದರೂ ಇದೇ ನಕ್ಷೆ, ತಾರೀಖು ಮಾತ್ರ ಬೇರೆ. ಬೀದರ್‌ನಲ್ಲಿ ಮೊದಲ ಮೂಲೆ ಮೇ ತಿಂಗಳಿಗೆ ಹೋಗುತ್ತದೆ. ದೆಹಲಿಯಲ್ಲಿ ಸೂರ್ಯ ನೆತ್ತಿಗೆ ಬರುವುದೇ ಇಲ್ಲ. ಅಲ್ಲಿ ಮೂಲೆಗಳು ಮಾಯವಾಗಿ ಜೂನ್ 21ರ ಒಂದೇ ನುಣುಪು ಗರಿಷ್ಠ ಉಳಿಯುತ್ತದೆ.

ಎಸೆತ ಮತ್ತು ಕಾಮನಬಿಲ್ಲು

ಸಮತಟ್ಟು ನೆಲದಿಂದ ಎಸೆದ ವಸ್ತು ಹೋಗಿ ಬೀಳುವ ದೂರ ಎಸೆತದ ಕೋನದ ಎರಡರಷ್ಟರ ಸೈನ್‌ಗೆ ಅನುಪಾತದಲ್ಲಿರುತ್ತದೆ, ಹಾಗಾಗಿ ಗಾಳಿಯನ್ನು ಮರೆತರೆ 45 ಡಿಗ್ರಿಯೇ ಅತ್ಯುತ್ತಮ. ಆದರೆ ಗುಂಡು ಎಸೆಯುವವರ ಕೈಯಿಂದ ಅದು ಹೊರಡುವುದು ನೆಲಮಟ್ಟದಲ್ಲಲ್ಲ. 2 ಮೀಟರ್ ಎತ್ತರದಿಂದ ಸೆಕೆಂಡಿಗೆ 14 ಮೀಟರ್ ವೇಗದಲ್ಲಿ ಬಿಟ್ಟರೆ ನಿರ್ಣಾಯಕ ಬಿಂದು 42.4 ಡಿಗ್ರಿಗೆ ಇಳಿಯುತ್ತದೆ. ಒಳ್ಳೆಯ ಎಸೆತಗಾರರು ಅದಕ್ಕಿಂತಲೂ ತಗ್ಗಿಸಿಯೇ ಎಸೆಯುತ್ತಾರೆ, ಏಕೆಂದರೆ ಕೋನ ಹೆಚ್ಚಿದಷ್ಟೂ ತೋಳು ಕೊಡಬಲ್ಲ ವೇಗ ಕಡಿಮೆ. ಸೂತ್ರದಲ್ಲಿ ವೇಗ ಸ್ಥಿರವೆಂದು ಊಹಿಸಿದ್ದೆವು. ಮೈ ಆ ಊಹೆಯನ್ನು ಒಪ್ಪುವುದಿಲ್ಲ.

ಕಾಮನಬಿಲ್ಲು ಇದಕ್ಕಿಂತ ಆಳವಾದ ಉದಾಹರಣೆ. ಅದು ಇರುವುದೇ ಒಂದು ನಿರ್ಣಾಯಕ ಬಿಂದುವಿನಿಂದ. ಮಳೆಹನಿಯ ಮೇಲೆ ಬಿದ್ದ ಕಿರಣ ಒಳಹೋಗುವಾಗ ಬಾಗಿ, ಹಿಂಬದಿಯಲ್ಲಿ ಒಮ್ಮೆ ಪ್ರತಿಫಲಿಸಿ, ಹೊರಬರುವಾಗ ಮತ್ತೆ ಬಾಗುತ್ತದೆ. ಒಳಬರುವ ಕೋನವನ್ನು ಅ ಎಂದೂ ಹನಿಯೊಳಗಿನ ವಕ್ರೀಭವನ ಕೋನವನ್ನು ಬ ಎಂದೂ ಕರೆದರೆ, ಸೂರ್ಯನಿಗೆ ನೇರ ಎದುರಿನ ದಿಕ್ಕಿನಿಂದ ಆ ಬೆಳಕು ಕಾಣಿಸುವ ಕೋನ 4ಬ − 2ಅ. ಸೈನ್ ಅ = 1.333 × ಸೈನ್ ಬ, 1.333 ನೀರಿನ ವಕ್ರೀಭವನ ಸೂಚ್ಯಂಕ. ಅವಕಲಿಸಿ ಸೊನ್ನೆಗೆ ಸಮೀಕರಿಸಿದರೆ 2 ಕಾಸ್ ಅ = 1.333 × ಕಾಸ್ ಬ. ಎರಡೂ ಕಡೆ ವರ್ಗ ಮಾಡಿ ಬ ಕೋನವನ್ನು ತೆಗೆದುಹಾಕಿದರೆ 3 ಕಾಸ್² ಅ = 1.333² − 1. ಅಲ್ಲಿಂದ ಅ ಸುಮಾರು 59.4 ಡಿಗ್ರಿ, ಕಾಣುವ ಕೋನ ಸುಮಾರು 42.1 ಡಿಗ್ರಿ, ಇದು ಗರಿಷ್ಠ.

ಸೂರ್ಯನ ಕಿರಣಗಳು ಹನಿಯ ಮೇಲೆ ಎಲ್ಲ ಕೋನಗಳಲ್ಲೂ ಬೀಳುತ್ತವೆ. ಹಾಗಿದ್ದರೆ ಒಂದೇ ಕೋನದಲ್ಲಿ ಬಿಲ್ಲು ಮೂಡುವುದೇಕೆ? ನಿಷ್ಪನ್ನ ಸೊನ್ನೆಯಾದ ಕಡೆ ಫಲನ ಬದಲಾಗುವುದು ಬಹಳ ನಿಧಾನ ಎಂಬುದೇ ಉತ್ತರ. 55ರಿಂದ 64 ಡಿಗ್ರಿವರೆಗೆ ಒಳಬಂದ ಕಿರಣಗಳೆಲ್ಲ 41.6ರಿಂದ 42.1 ಡಿಗ್ರಿಗಳ ನಡುವಿನ ಅರ್ಧ ಡಿಗ್ರಿಯಲ್ಲೇ ಹೊರಬರುತ್ತವೆ. ಒಂಬತ್ತು ಡಿಗ್ರಿಯಷ್ಟು ಹರಡಿದ ಬೆಳಕು ಅರ್ಧ ಡಿಗ್ರಿಗೆ ಒತ್ತರಿಸಿಕೊಂಡದ್ದೇ ಬಿಲ್ಲಿನ ಹೊಳಪು. 42.1 ಗರಿಷ್ಠವಾದ್ದರಿಂದ ಅದರಾಚೆಗೆ ಈ ಬಗೆಯ ಬೆಳಕು ಬರುವುದೇ ಇಲ್ಲ. ಬಿಲ್ಲಿನ ಒಳಭಾಗದ ಆಕಾಶ ಹೊರಭಾಗಕ್ಕಿಂತ ಬೆಳ್ಳಗೆ ಕಾಣುವುದು ಇದರಿಂದ. ಬಣ್ಣದಿಂದ ಬಣ್ಣಕ್ಕೆ ಸೂಚ್ಯಂಕ ಕೊಂಚ ಬೇರೆಯಾಗುವುದರಿಂದ ನಿರ್ಣಾಯಕ ಬಿಂದುವೂ ಸರಿಯುತ್ತದೆ: ಕೆಂಪಿಗೆ ಸುಮಾರು 42.4 ಡಿಗ್ರಿ, ನೇರಳೆಗೆ ಸುಮಾರು 40.6. ಕೆಂಪು ಹೊರಗೆ, ನೇರಳೆ ಒಳಗೆ. ಡೆಕಾರ್ಟ್ ತನ್ನ 1637ರ ಗ್ರಂಥದಲ್ಲಿ ಕಲನಶಾಸ್ತ್ರವಿಲ್ಲದೆ, ಕಿರಣದ ಮೇಲೆ ಕಿರಣವನ್ನು ಕೈಲೆಕ್ಕದಲ್ಲಿ ಹಿಂಬಾಲಿಸಿ ಈ ಒತ್ತರವನ್ನು ಕಂಡುಹಿಡಿದ. ಅವನು ಕೋಷ್ಟಕವಿಟ್ಟು ತೋರಿಸಿದ್ದನ್ನು ನಾವು ನಾಲ್ಕು ಸಾಲಿನಲ್ಲಿ ಪಡೆಯುತ್ತೇವೆ, ಆದರೆ ಬೆಳಕು ಅಲ್ಲಿ ಗುಂಪುಗೂಡುತ್ತದೆಂದು ಕಣ್ಣಾರೆ ಕಾಣಬೇಕಾದರೆ ಅವನ ದಾರಿಯಲ್ಲಿ ಹತ್ತಾರು ಕಿರಣಗಳನ್ನಾದರೂ ಲೆಕ್ಕ ಹಾಕಿ ನೋಡುವುದು ಒಳ್ಳೆಯದು.

ಸೂತ್ರಕ್ಕೆ ಸಿಗದ ಬಿಂದುಗಳು

ಇಲ್ಲಿಯವರೆಗಿನ ಸಮೀಕರಣಗಳು ಬಿಡಿಸಲು ಬರುವಂಥವು. ಸೈನ್ ಜೊತೆಗೆ ಬರಿಯ ಕ್ಷ ಗುಣಾಕಾರದಲ್ಲೋ ಭಾಗಾಕಾರದಲ್ಲೋ ಸೇರಿಕೊಂಡರೆ ಆ ಸೌಕರ್ಯ ಹೋಗುತ್ತದೆ. (ಸೈನ್ ಕ್ಷ)/ಕ್ಷ ಎಂಬ ಫಲನದ ನಿರ್ಣಾಯಕ ಬಿಂದುಗಳಿಗೆ ಟ್ಯಾನ್ ಕ್ಷ = ಕ್ಷ ಎಂಬ ಸಮೀಕರಣ ಬರುತ್ತದೆ; ಸೊನ್ನೆಯ ಹೊರತು ಇದರ ಮೂಲಗಳನ್ನು ಪೈ ಮತ್ತು ವರ್ಗಮೂಲಗಳಲ್ಲಿ ಬರೆಯಲಾಗದು. ಹಂತಹಂತವಾಗಿ ಹತ್ತಿರ ಹೋಗಬೇಕು. ನ್ಯೂಟನ್ ವಿಧಾನದಲ್ಲಿ ಸೈನ್ ಕ್ಷ − ಕ್ಷ ಕಾಸ್ ಕ್ಷ ಎಂಬುದನ್ನು ತೆಗೆದುಕೊಂಡು 4.5ರಿಂದ ಹೊರಟರೆ ಒಂದೇ ಹೆಜ್ಜೆಗೆ 4.49342 ಸಿಗುತ್ತದೆ; ನಿಜವಾದ ಮೂಲ 4.49341. ಅಲ್ಲಿ ಫಲನದ ಬೆಲೆ ಸುಮಾರು −0.217, ಅದರ ಅತಿ ಕಡಿಮೆ ಬೆಲೆ. ಮುಂದಿನ ಮೂಲಗಳು 7.7253, 10.9041. ಕಿರಿದಾದ ಸೀಳಿನ ಮೂಲಕ ಬೆಳಕು ಹಾಯಿಸಿದಾಗ ಪರದೆಯ ಮೇಲೆ ನಡುಪಟ್ಟೆಯ ಇಕ್ಕೆಲಗಳಲ್ಲಿ ಮಸುಕು ಪಟ್ಟೆಗಳು ಮೂಡುತ್ತವಲ್ಲ, ಅವುಗಳ ಅತಿ ಪ್ರಕಾಶದ ತಾಣಗಳನ್ನು ಗೊತ್ತುಮಾಡುವುದು ಇವೇ ಸಂಖ್ಯೆಗಳು. ಮೊದಲ ಮಸುಕು ಪಟ್ಟೆಯ ತೀವ್ರತೆ ನಡುವಿನದರ ಶೇಕಡ 4.7 ಮಾತ್ರ, ಅದು −0.217ರ ವರ್ಗ.

ಸೈನ್ (1/ಕ್ಷ) ಇನ್ನೂ ವಿಚಿತ್ರ. ಅದರ ನಿರ್ಣಾಯಕ ಬಿಂದುಗಳು 2/ಪೈ, 2/(3ಪೈ), 2/(5ಪೈ) ಎಂದು ಸೊನ್ನೆಯತ್ತ ದಟ್ಟೈಸುತ್ತವೆ. ಸೊನ್ನೆಯ ಪಕ್ಕದ ಎಷ್ಟೇ ಚಿಕ್ಕ ಅಂತರವನ್ನು ತೆಗೆದುಕೊಂಡರೂ ಅದರೊಳಗೆ ಲೆಕ್ಕವಿಲ್ಲದಷ್ಟು ಗರಿಷ್ಠಗಳೂ ಕನಿಷ್ಠಗಳೂ ಇರುತ್ತವೆ.

ಅಲೆಗಳ ಮೊತ್ತ

ಬೇರೆ ಬೇರೆ ಆವರ್ತದ ಸೈನ್ ಅಲೆಗಳನ್ನು ಕೂಡಿಸಿದಾಗ ನಿರ್ಣಾಯಕ ಬಿಂದುಗಳು ಎಷ್ಟಿರಬಹುದು? ಮೊತ್ತದಲ್ಲಿ ಅತಿ ಹೆಚ್ಚಿನದು ಸೈನ್ ನಕ್ಷ ಅಥವಾ ಕಾಸ್ ನಕ್ಷ ಆಗಿದ್ದರೆ (ನ ಒಂದು ಪೂರ್ಣಾಂಕ), ಒಂದು ಆವರ್ತದಲ್ಲಿ ಅವು 2ನ ಮೀರುವುದಿಲ್ಲ, ಎರಡಕ್ಕಿಂತ ಕಡಿಮೆಯೂ ಆಗುವುದಿಲ್ಲ. ನಿಷ್ಪನ್ನವೂ ಅದೇ ದರ್ಜೆಯ ಮೊತ್ತವಾಗಿದ್ದು, ಅಂಥದಕ್ಕೆ 2ನ ಸೊನ್ನೆಗಳಿಗಿಂತ ಹೆಚ್ಚಿರಲಾರವು ಎಂಬುದು ಮೇಲ್ಮಿತಿಗೆ ಕಾರಣ. ಆವರ್ತಕವಾದ ಅವಿಚ್ಛಿನ್ನ ಫಲನ ಎಲ್ಲೋ ಒಂದು ಕಡೆ ಗರಿಷ್ಠ, ಇನ್ನೊಂದು ಕಡೆ ಕನಿಷ್ಠ ಮುಟ್ಟಲೇಬೇಕು ಎಂಬುದು ಕೆಳಮಿತಿಗೆ.

ಇಂಥ ಅಲೆಗಳನ್ನು ಕೊನೆಯಿಲ್ಲದೆ ಕೂಡಿಸುತ್ತ ಹೋಗುವ ಫೂರಿಯೆ ಶ್ರೇಣಿಗಳಲ್ಲಿ ಈ ಬಿಂದುಗಳು ಒಂದು ಅನಿರೀಕ್ಷಿತ ಸಂಗತಿಯನ್ನು ಹೊರಗೆಡವಿದವು. ಸೈನ್ ಕ್ಷ + (ಸೈನ್ 3ಕ್ಷ)/3 + (ಸೈನ್ 5ಕ್ಷ)/5 ಹೀಗೆ ಕೂಡಿಸುತ್ತ ಹೋದರೆ ಮೊತ್ತವು 0 ಮತ್ತು ಪೈ ನಡುವೆ ಪೈ/4 ಎಂಬ, ಅಂದರೆ ಸುಮಾರು 0.785ರ ಸಮತಟ್ಟು ಗೆರೆಯನ್ನು ಸಮೀಪಿಸುತ್ತದೆ. ಮೊದಲ ನ ಪದಗಳ ಮೊತ್ತವನ್ನು ಅವಕಲಿಸಿದರೆ ಬರುವ ಕೊಸೈನ್‌ಗಳ ಸಾಲು ಚೊಕ್ಕವಾಗಿ ಮಡಚಿಕೊಂಡು (ಸೈನ್ 2ನಕ್ಷ)/(2 ಸೈನ್ ಕ್ಷ) ಆಗುತ್ತದೆ. ಆದ್ದರಿಂದ ಮೊದಲ ನಿರ್ಣಾಯಕ ಬಿಂದು ಪೈ/(2ನ), ಅದು ಗರಿಷ್ಠ. ಪದಗಳನ್ನು ಹೆಚ್ಚಿಸಿದಂತೆ ಈ ಶಿಖರ ಸೊನ್ನೆಯತ್ತ ಸರಿಯುತ್ತದೆ, ಆದರೆ ತಗ್ಗಿ 0.785ಕ್ಕೆ ಬರುವುದಿಲ್ಲ, ಅದರ ಎತ್ತರ 0.926ರ ಬಳಿ ನೆಲೆಗೊಳ್ಳುತ್ತದೆ. ಸೊನ್ನೆಯ ಬಳಿ ಫಲನ ಜಿಗಿಯುವ ಒಟ್ಟು ಎತ್ತರದ ಸುಮಾರು ಶೇಕಡ 9ರಷ್ಟು ಹೆಚ್ಚುವರಿ ಎಂದೂ ಕರಗದು. ಇಂಗ್ಲೆಂಡಿನ ಹೆನ್ರಿ ವಿಲ್‌ಬ್ರಹಾಂ 1848ರಲ್ಲೇ ಇದನ್ನು ಗುರುತಿಸಿದ್ದರೂ ಅದು ಮರೆತುಹೋಗಿ, 1899ರಲ್ಲಿ ನೇಚರ್ ಪತ್ರಿಕೆಗೆ ಬರೆದ ಪತ್ರದಲ್ಲಿ ವಿವರಿಸಿದ ಅಮೆರಿಕದ ವಿಜ್ಞಾನಿ ಗಿಬ್ಸ್ ಹೆಸರಿನಿಂದ ಈಗ ಪರಿಚಿತವಾಗಿದೆ. ಸಂಜ್ಞೆಗಳ ಸಂಸ್ಕರಣೆಯಲ್ಲಿ ಮೇಲಿನ ಆವರ್ತಾಂಕಗಳನ್ನು ಒಮ್ಮೆಗೇ ಕತ್ತರಿಸದೆ ಮೆಲ್ಲಗೆ ಇಳಿಸುವ ಪದ್ಧತಿ ಬಂದದ್ದು ಬಹುಪಾಲು ಈ ಶಿಖರವನ್ನು ತಗ್ಗಿಸಲಿಕ್ಕಾಗಿ.